ಹೊಸ ಮನೆಯ ಗೋಡೆ ಒದ್ದೆ, ಬಿಲ್ಡರ್ ಫೋನ್ ಎತ್ತುತ್ತಿಲ್ಲ: ಬೆಂಗಳೂರಿನ ಮನೆ ಮಾಲೀಕರಿಗೆ ಕಾನೂನಿನ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಹೊಸ ಮನೆಯ ಬಂಡವಾಳ ಬಯಲಾಗುವುದು ಮೊದಲ ಮಳೆಗಾಲದಲ್ಲಿ. ಗೃಹಪ್ರವೇಶದ ತೋರಣ ಇನ್ನೂ ಬಾಗಿಲಲ್ಲೇ ಇರುತ್ತದೆ, ಅಷ್ಟರಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಬಣ್ಣ ಉಬ್ಬಿ, ಉಪ್ಪು ಎದ್ದು, ಗಾರೆ ಪುಡಿಪುಡಿಯಾಗಿ ಉದುರತೊಡಗುತ್ತದೆ. ಬಿಲ್ಡರ್ ಕಡೆಯವರಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಬಹುತೇಕ ಒಂದೇ: "ಮಾಡಿಸಿಕೊಡ್ತೀವಿ ಸಾರ್, ಮಳೆ ಒಂದು ನಿಲ್ಲಲಿ."

ಈ ಮಾತನ್ನು ನಂಬಿ ಕೂತವರೇ ಹೆಚ್ಚು ಸೋಲುತ್ತಾರೆ. ನಮ್ಮ ಕಾನೂನಿನಲ್ಲಿ ಮನೆ ಕೊಂಡವರ ಪರವಾಗಿ ಗಟ್ಟಿಯಾದ ಕಲಂಗಳಿವೆ. ಆದರೆ ಪ್ರತಿಯೊಂದಕ್ಕೂ ಕಾಲಮಿತಿ ಇದೆ, ಬಾಯಿಮಾತಿನ ಭರವಸೆಗೆ ಆ ಕಾಲ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಹೇಳುವ ಎಲ್ಲ ಹಂತಗಳ ಹಿಂದಿರುವ ವಿಷಯ ಒಂದೇ. ದೋಷ ಕಂಡ ದಿನವೇ ಬರವಣಿಗೆಯಲ್ಲಿ ತಿಳಿಸಿ, ಪುರಾವೆ ಕೂಡಿಡಿ, ನಿಮಗೆ ಬೇಕಾದದ್ದು ರಿಪೇರಿಯೋ ಹಣವೋ ಎಂದು ನಿರ್ಧರಿಸಿ, ಅದಕ್ಕೆ ತಕ್ಕ ಬಾಗಿಲು ತಟ್ಟಿ.

ಹಂತ 1: ನಿಮ್ಮ ವ್ಯವಹಾರ ಯಾವ ಬಗೆಯದು?

ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದಿದ್ದರೆ ತಪ್ಪು ಕಚೇರಿಗೆ ಅಲೆದು ವರ್ಷ ಕಳೆಯುತ್ತದೆ.

ಬಿಲ್ಡರ್‌ನಿಂದ ಫ್ಲಾಟ್ ಅಥವಾ ವಿಲ್ಲಾ ಕೊಂಡಿದ್ದರೆ, ಆ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆಯೇ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ನೋಂದಣಿ ಕಡ್ಡಾಯ. ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಮಂಜೂರಾದ ನಕ್ಷೆ, ಕರಾರಿನ ಮಾದರಿ, ಬಿಲ್ಡರ್ ಸಲ್ಲಿಸಿದ ಘೋಷಣೆಗಳು ಎಲ್ಲ ಸಿಗುತ್ತವೆ. ಇವನ್ನು ಈಗಲೇ ಇಳಿಸಿಟ್ಟುಕೊಳ್ಳಿ.

ಮೊದಲ ಮಾಲೀಕರಿಂದ ಕೈಬದಲಾಗಿ ಕೊಂಡವರೂ ರೇರಾ ಕಾಯ್ದೆಯ ಪ್ರಕಾರ ಹಂಚಿಕೆದಾರರೇ, ಅಂದರೆ ಯೋಜನೆಯಲ್ಲಿ ಮನೆ ಪಡೆದವರೇ. ಆದರೆ ದೋಷದ ಹೊಣೆಯ ಐದು ವರ್ಷವನ್ನು ಬಿಲ್ಡರ್ ಮನೆಯನ್ನು ಮೊದಲು ಒಪ್ಪಿಸಿದ ದಿನದಿಂದ ಲೆಕ್ಕ ಹಾಕಿ, ನಿಮ್ಮ ಕ್ರಯಪತ್ರದ ದಿನದಿಂದಲ್ಲ.

ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಕೈಯಲ್ಲಿ ಮನೆ ಕಟ್ಟಿಸಿದ್ದರೆ ರೇರಾ ಬಾಗಿಲು ನಿಮಗಿಲ್ಲ, ಏಕೆಂದರೆ ಅಲ್ಲಿ ಮಾರಾಟವೇ ಇಲ್ಲ. ನಿಮ್ಮ ದಾರಿ ಗ್ರಾಹಕ ಆಯೋಗ ಅಥವಾ ಸಿವಿಲ್ ಕೋರ್ಟು. ಇದಕ್ಕೆ ಮುಂದೆ ಬೇರೆಯದೇ ಭಾಗ ಇದೆ.

ಇನ್ನು ಅಪ್ಪ-ಅಜ್ಜನ ಕಾಲದ ಜಾಗವನ್ನು ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಕೊಟ್ಟು, ತಮ್ಮ ಪಾಲಿನ ಫ್ಲಾಟುಗಳು ಕಳಪೆಯಾಗಿ ಬಂದ ಜಾಗದ ಮಾಲೀಕರು. ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಇಂಥ ಮಾಲೀಕರನ್ನೂ ಗ್ರಾಹಕರೆಂದು ಒಪ್ಪಿದೆ. ಬಿಲ್ಡರ್ ನಿಮ್ಮನ್ನು ಪಾಲುದಾರರೆಂದು ಕರೆದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಒಂದು ಎಚ್ಚರಿಕೆ: ಆ ಯೋಜನೆಯ ಫ್ಲಾಟುಗಳನ್ನು ನೀವೂ ಮಾರಿದ್ದರೆ, ಕೊಂಡವರ ಎದುರು ಬಿಲ್ಡರ್ ಜೊತೆ ನೀವೂ ಹೊಣೆಗಾರರಾಗುತ್ತೀರಿ.

ಹಂತ 2: ಕಾಲಮಿತಿಗಳನ್ನು ಗೋಡೆಗೆ ಅಂಟಿಸಿಕೊಳ್ಳಿ

ರೇರಾ ಕಾಯ್ದೆ 2016ರ ಕಲಂ 14(3) ಇಡೀ ವಿಷಯದ ಬೆನ್ನೆಲುಬು. ಮನೆ ಒಪ್ಪಿಸಿದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ, ಸೌಲಭ್ಯಗಳಲ್ಲಿ ದೋಷ ಕಂಡು ಬಿಲ್ಡರ್ ಗಮನಕ್ಕೆ ತಂದರೆ, 30 ದಿನದೊಳಗೆ ಒಂದು ರೂಪಾಯಿಯೂ ಕೇಳದೆ ಸರಿಪಡಿಸಿಕೊಡುವುದು ಅವರ ಹೊಣೆ. ಕೊಡದಿದ್ದರೆ ನೀವು ಪರಿಹಾರಕ್ಕೆ ಅರ್ಹರು. ಪಿಲ್ಲರ್, ಬೀಮ್ ಬಿರುಕು ಬಿಟ್ಟರೆ ಮಾತ್ರ ಎಂದು ಬಿಲ್ಡರ್ ಕಡೆಯವರು ಹೇಳುವುದುಂಟು. ಅದು ಸುಳ್ಳು. ಕಾಯ್ದೆ ರಚನಾ ದೋಷದ ಪಕ್ಕದಲ್ಲೇ ಕೆಲಸದ ದೋಷ, ಗುಣಮಟ್ಟದ ದೋಷ ಎಂದು ಬಿಡಿಸಿ ಹೇಳಿದೆ. ಪೊಳ್ಳು ಟೈಲ್ಸ್, ಸೋರುವ ಬಚ್ಚಲು, ನೀರು ನಿಲ್ಲುವ ತಾರಸಿ, ಕೆಲಸ ಮಾಡದ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಎಲ್ಲವೂ ಇದರೊಳಗೆ ಬರುತ್ತವೆ. ಕರಾರಿನಲ್ಲಿ "ದೋಷ ಹೊಣೆ ಅವಧಿ ಒಂದು ವರ್ಷ" ಎಂದು ಬರೆಸಿಕೊಂಡಿದ್ದರೂ ಕಾಯ್ದೆಯ ಐದು ವರ್ಷ ಮೊಟಕಾಗುವುದಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗಲು ಕಾಲಾವಕಾಶ ಕಡಿಮೆ: ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ತಡವಾದರೆ ಸಕಾರಣ ಕೊಟ್ಟು ಮನ್ನಾ ಕೇಳಬಹುದು, ಆದರೆ ಅದು ಆಯೋಗದ ವಿವೇಚನೆಗೆ ಬಿಟ್ಟದ್ದು. ಕರಾರು ಮುರಿದ ಕಾರಣಕ್ಕೆ ಸಿವಿಲ್ ದಾವೆಗೆ ಸಾಮಾನ್ಯವಾಗಿ 3 ವರ್ಷ.

ಮೊದಲು ಮುಗಿಯುವ ಗಡುವಿಗೇ ಸಿದ್ಧರಾಗಿ. ಅಂದರೆ ಎರಡು ವರ್ಷವನ್ನೇ ನಿಮ್ಮ ಗಡುವೆಂದುಕೊಂಡರೆ ಮೂರೂ ಬಾಗಿಲು ತೆರೆದಿರುತ್ತವೆ.

ಹಂತ 3: ದೋಷವನ್ನು ಸಾಕ್ಷಿಯಾಗಿಸಿ

ಫೋನಿನಲ್ಲಿ ತೆಗೆದ ಹತ್ತು ಮಸುಕು ಫೋಟೋಗಳಿಂದ ಕೆಲಸ ಆಗುವುದಿಲ್ಲ. ಯಾವ ಕೋಣೆ, ಯಾವ ಗೋಡೆ, ಯಾವ ದಿನ, ಎಷ್ಟು ಉದ್ದ, ಮಳೆ ಬಂದಾಗ ಹೇಗಿತ್ತು, ಬಿಸಿಲಲ್ಲಿ ಹೇಗಿತ್ತು, ಇಷ್ಟೂ ಗೊತ್ತಾಗಬೇಕು. ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಬಿರುಕು ಬೆಳೆಯುತ್ತಿದೆಯೇ ತಿಳಿಯಲು ಹಳೆಯ ಮೇಸ್ತ್ರಿಗಳ ಉಪಾಯ ಒಂದಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿ ಗಾರೆಯಲ್ಲಿ ಕೂರಿಸಿ, ಪಕ್ಕದಲ್ಲಿ ತಾರೀಕು ಬರೆದಿಡುವುದು. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಬೀಮಿನಲ್ಲಿ ಬಿರುಕು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಜೋತುಬಿದ್ದ ಮೋಲ್ಡು (ಕಾಂಕ್ರೀಟಿನ ಸೂರು) ಕಂಡರೆ ಮಾತ್ರ ಗಾಜಿನ ಪಟ್ಟಿಗೆ ಕಾಯಬೇಡಿ. ಆ ದಿನವೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ನಮ್ಮ ಸೋದರತ್ತೆಯ ಫ್ಲಾಟು ಕನಕಪುರ ರಸ್ತೆಯ ಕಡೆ. ಬಚ್ಚಲಿಗೆ ಒತ್ತಿಕೊಂಡ ಗೋಡೆಗೆ ವಾರ್ಡ್‌ರೋಬ್ ಇತ್ತು, ಅದರ ಹಿಂಬದಿಯ ಪ್ಲೈವುಡ್ ಪೂರ್ತಿ ಬೂಷ್ಟು ಹಿಡಿದು ರೇಷ್ಮೆ ಸೀರೆಗಳೆಲ್ಲ ಮುಗ್ಗಲು ವಾಸನೆ. ಸೈಟ್ ಎಂಜಿನಿಯರ್ ಪ್ರತಿ ಸಲ ಬಂದು ಪುಟ್ಟಿ ಬಳಿಸಿ, ಮೇಲೊಂದು ಕೋಟ್ ಬಣ್ಣ ಹೊಡೆಸಿ, "ಇದು ಸೀಪೇಜ್ ಅಲ್ಲ ಮೇಡಂ, ಗಾಳಿ ಆಡಲ್ಲ ಅದಕ್ಕೆ" ಎಂದು ಹೋಗುತ್ತಿದ್ದರು. ಕೊನೆಗೆ ಅತ್ತೆಗೆ ಪರಿಚಯದ ಎಂಜಿನಿಯರೊಬ್ಬರು ಬಂದು ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿ, ನೆಲ ಮುಳುಗುವಷ್ಟು ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದರು. ಎರಡು ದಿನ ಯಾರೂ ಆ ಬಚ್ಚಲು ಬಳಸಲಿಲ್ಲ. ಮೂರನೆಯ ಬೆಳಿಗ್ಗೆ ವಾರ್ಡ್‌ರೋಬಿನ ಹಲಗೆ ಬಿಚ್ಚಿದರೆ ಗೋಡೆಯ ಬುಡದಲ್ಲಿ ನೀಲಿ ಗೆರೆ. ಅಂದಿನ ಪ್ರಜಾವಾಣಿಯನ್ನು ಗೋಡೆಗೆ ಆನಿಸಿ ವಿಡಿಯೊ ಮಾಡಿಕೊಂಡರು. ಗಾಳಿ ಆಡುವುದಿಲ್ಲ ಎಂಬ ವಾದ ಅಲ್ಲಿಗೆ ಮುಗಿಯಿತು.

ಇಂಥ ಪರೀಕ್ಷೆಯನ್ನು ಎಂಜಿನಿಯರ್ ಎದುರೇ ಮಾಡಿಸಿ, ಅವರ ವರದಿಯಲ್ಲಿ ಸೇರಿಸಿ. ಕೆಳಗಿನ ಮನೆಯವರಿಗೆ ಮುಂಚೆಯೇ ಹೇಳಿ, ಅವರ ಸೂರಿನ ಫೋಟೋವನ್ನೂ ಪಡೆಯಿರಿ. ಅವರೂ ನಿಮ್ಮ ಜೊತೆ ದೂರುದಾರರಾಗುವ ಸಾಧ್ಯತೆ ಇರುತ್ತದೆ.

ವಾಟ್ಸ್‌ಆ್ಯಪ್ ಸಂದೇಶ, ವಿಡಿಯೊ, ಇಮೇಲ್ ಯಾವುದನ್ನೂ ಅಳಿಸಬೇಡಿ, ಮೂಲ ಫೋನನ್ನೂ ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗಳ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಕೀಲರಿಗೆ ಇದನ್ನು ಮೊದಲ ಭೇಟಿಯಲ್ಲೇ ನೆನಪಿಸಿ.

ಹಂತ 4: ಸ್ವತಂತ್ರ ಎಂಜಿನಿಯರ್ ವರದಿ

ಖರ್ಚು ಎನಿಸಿದರೂ ಇದನ್ನು ಬಿಡಬೇಡಿ. ವರದಿ ಇಲ್ಲದ ದೂರು ನಿಮ್ಮ ಮಾತು, ಅವರ ಮಾತು ಎಂಬಲ್ಲಿಗೆ ನಿಲ್ಲುತ್ತದೆ. ಬಿಲ್ಡರ್ ಜೊತೆ ವ್ಯವಹಾರ ಇಲ್ಲದ ಸ್ಟ್ರಕ್ಚರಲ್ ಎಂಜಿನಿಯರನ್ನು ಹುಡುಕಿ. ಕಾಂಕ್ರೀಟಿನ ಗುಣಮಟ್ಟದ ಬಗ್ಗೆಯೇ ಅನುಮಾನ ಇದ್ದರೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿ. ರಿಬೌಂಡ್ ಹ್ಯಾಮರ್ ಮೇಲ್ಮೈಯ ಗಡಸುತನ ಹೇಳುತ್ತದೆ, ಅಲ್ಟ್ರಾಸಾನಿಕ್ ಪರೀಕ್ಷೆ ಒಳಗಿನ ಟೊಳ್ಳು ಮತ್ತು ಬಿರುಕು ಹಿಡಿಯುತ್ತದೆ, ಕವರ್ ಮೀಟರ್ ಕಂಬಿಯ ಮೇಲೆ ಎಷ್ಟು ಕಾಂಕ್ರೀಟ್ ಇದೆ ಎಂದು ತೋರಿಸುತ್ತದೆ. ಇವು ಕಟ್ಟಡವನ್ನು ಒಡೆಯುವುದಿಲ್ಲ. ಕೋರ್ ತೆಗೆಯುವ ಪರೀಕ್ಷೆ ಮಾತ್ರ ಸಣ್ಣ ತೂತು ಕೊರೆಯುತ್ತದೆ, ಎಲ್ಲಿ ಕೊರೆಯಬೇಕೆಂದು ಎಂಜಿನಿಯರೇ ಹೇಳಲಿ.

ವರದಿಯಲ್ಲಿ ನಾಲ್ಕು ವಿಷಯ ಇರಲೇಬೇಕು: ಏನು ದೋಷ, ಏಕೆ ಆಯಿತು, ಹೇಗೆ ಸರಿಪಡಿಸಬೇಕು, ಎಷ್ಟು ಖರ್ಚು. ಎರಡನೆಯದಕ್ಕೆ ಹೆಚ್ಚು ತೂಕ. "ನೀವು ಇಂಟೀರಿಯರ್ ಮಾಡಿಸುವಾಗ ಡ್ರಿಲ್ ಹೊಡೆದದ್ದಕ್ಕೆ ಹೀಗಾಯಿತು" ಎಂಬುದೇ ಬಿಲ್ಡರ್‌ಗಳ ಮೊದಲ ಗುರಾಣಿ. ನಿಮ್ಮ ಇಂಟೀರಿಯರ್ ಕೆಲಸ ಆ ಜಾಗವನ್ನು ಮುಟ್ಟಿಲ್ಲ ಎಂಬುದನ್ನು ಎಂಜಿನಿಯರ್ ಬಿಡಿಸಿ ಬರೆದರೆ ಆ ಗುರಾಣಿ ಬೀಳುತ್ತದೆ.

ಮಂಜೂರಾದ ನಕ್ಷೆಗೂ ಕಟ್ಟಿದ್ದಕ್ಕೂ ವ್ಯತ್ಯಾಸ ಇದೆ ಎನಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಬಿಎಂಪಿಯ ಬದಲು 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ, ಆದ್ದರಿಂದ ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ನೋಡಿಕೊಳ್ಳಿ. ನಕ್ಷೆ ಬಿಡಿಎ ಮಂಜೂರು ಮಾಡಿದ್ದಾದರೆ ಅರ್ಜಿಯೂ ಅಲ್ಲಿಗೇ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿದ್ದು, 150 ಪದ ಮೀರದೆ ಇರಬೇಕು. ಆದ್ದರಿಂದ ನಕ್ಷೆಗೆ ಒಂದು, ಓಸಿಗೆ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಸ್ವಾಧೀನಾನುಭವ ಪ್ರಮಾಣಪತ್ರ) ಒಂದು ಎಂದು ಬೇರೆಬೇರೆ ಹಾಕಿ.

ಓಸಿಯ ಬಗ್ಗೆ ಒಂದು ಮಾತು. ಓಸಿ ಇಲ್ಲದೆ ಕೀಲಿ ಕೊಟ್ಟಿದ್ದರೆ ಅದೇ ದೊಡ್ಡ ದೋಷ. ಸಮೃದ್ಧಿ ಸಹಕಾರ ಗೃಹ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ, ಓಸಿ ಕೊಡಿಸದಿರುವುದು ಸೇವಾ ನ್ಯೂನತೆ, ಅದು ಮುಂದುವರಿಯುತ್ತಲೇ ಇರುವ ತಪ್ಪು ಎಂದು ಹೇಳಿದೆ. ಎರಡು ವರ್ಷ ಕಳೆಯಿತೆಂದು ಅಂಥವರು ಕೈಚೆಲ್ಲಬೇಕಿಲ್ಲ.

ಹಂತ 5: ನೋಟಿಸ್

ಗ್ರಾಹಕ ಸೇವೆಯ ಆ್ಯಪಿನಲ್ಲಿ ಟಿಕೆಟ್ ಹಾಕಿದ್ದನ್ನೇ ನೋಟಿಸ್ ಎಂದು ನಂಬಿ ಕೂರಬೇಡಿ. ಟಿಕೆಟ್ಟನ್ನು ಅವರೇ ತೆರೆಯುತ್ತಾರೆ, ಅವರೇ ಮುಚ್ಚುತ್ತಾರೆ. ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ ರಸೀದಿ ಬರುವಂತೆ ಕಳಿಸಿ. ಅದನ್ನೇ ಕರಾರಿನಲ್ಲಿರುವ ಇಮೇಲಿಗೂ ಹಾಕಿ. ಮೊದಲ ನೋಟಿಸನ್ನು ನೀವೇ ಬರೆಯಬಹುದು. ಹೀಗಿದ್ದರೆ ಸಾಕು:

"ವಿಷಯ: ಬ್ಲಾಕ್ ಸಿ, ಫ್ಲಾಟ್ 304ರಲ್ಲಿನ ನಿರ್ಮಾಣ ದೋಷ, ರೇರಾ ಕಾಯ್ದೆ 2016ರ ಕಲಂ 14(3)ರ ಅಡಿ ತಿಳಿವಳಿಕೆ.

ಈ ಫ್ಲಾಟನ್ನು ತಾವು ನನಗೆ ಇಂಥ ದಿನಾಂಕದಂದು ಒಪ್ಪಿಸಿರುತ್ತೀರಿ. ಇದರೊಂದಿಗೆ ಲಗತ್ತಿಸಿರುವ ಪಟ್ಟಿಯಲ್ಲಿನ ದೋಷಗಳು ಕಂಡುಬಂದಿವೆ. ಎಂಜಿನಿಯರ್ ವರದಿ ಮತ್ತು ಫೋಟೋಗಳನ್ನು ಲಗತ್ತಿಸಿದೆ. ಈ ಪತ್ರ ತಲುಪಿದ 30 ದಿನದೊಳಗೆ ಸದರಿ ದೋಷಗಳನ್ನು ಯಾವುದೇ ಶುಲ್ಕವಿಲ್ಲದೆ ಸರಿಪಡಿಸಿಕೊಡಬೇಕು, ಕೆಲಸದ ವಿಧಾನವನ್ನು ಮುಂಚಿತವಾಗಿ ಬರಹದಲ್ಲಿ ತಿಳಿಸಬೇಕು. ತಪ್ಪಿದಲ್ಲಿ ತಮ್ಮ ಖರ್ಚು ಮತ್ತು ಹೊಣೆಯ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು."

ಸಿಟ್ಟಿನ ಮಾತು ಬೇಡ. ಕೆಲಸಗಾರರು ಬಂದರೆ ತಡೆಯಬೇಡಿ. ಬಾಗಿಲು ತೆರೆಯಲಿಲ್ಲ ಎಂಬ ನೆಪ ಅವರಿಗೆ ಸಿಗಬಾರದು. ಬಂದವರು ಏನು ಮಾಡಿದರು, ಯಾವ ವಾಟರ್‌ಪ್ರೂಫಿಂಗ್ ವಸ್ತು ಬಳಸಿದರು, ಎಷ್ಟು ದಿನ ಕ್ಯೂರಿಂಗ್ ಮಾಡಿದರು, ಎಲ್ಲವನ್ನೂ ಅಂದಂದೇ ಇಮೇಲಿನಲ್ಲಿ ದಾಖಲಿಸಿ. "ಎಲ್ಲ ದೋಷ ಸರಿಹೋಗಿದೆ, ಇನ್ನು ತಕರಾರಿಲ್ಲ" ಎಂಬ ಕಾಗದಕ್ಕೆ ಒಂದು ಮಳೆಗಾಲ ಕಳೆಯುವವರೆಗೂ ಸಹಿ ಹಾಕಬೇಡಿ.

ಅಪಾಯ ಇದ್ದು ಕಾಯಲು ಆಗದಿದ್ದರೆ, ಫೋಟೋ ಮತ್ತು ವರದಿ ಆದ ಮೇಲೆ, ಬಿಲ್ಡರ್‌ಗೆ ತಿಳಿಸಿ ನೀವೇ ರಿಪೇರಿ ಮಾಡಿಸಿ, ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ. ಒಡೆದು ಸರಿಮಾಡಿದ ಮೇಲೆ ಸಾಕ್ಷಿ ಮತ್ತೆ ಸಿಗುವುದಿಲ್ಲ ಎಂಬುದು ನೆನಪಿರಲಿ.

ಈ ನಡುವೆ ಬ್ಯಾಂಕಿನ ಇಎಂಐ ನಿಲ್ಲಿಸಬೇಡಿ. ಬಿಲ್ಡರ್ ತಪ್ಪಿಗೆ ಬ್ಯಾಂಕ್ ಹೊಣೆಯಲ್ಲ, ಕೆಡುವುದು ನಿಮ್ಮ ಸಿಬಿಲ್ ಅಂಕ. ಮೇಂಟೆನೆನ್ಸ್ ಹಣವನ್ನೂ ಕಟ್ಟುತ್ತಿರಿ.

ಹಂತ 6: ರೇರಾಗೆ ಹೋಗುವುದು

ಕರ್ನಾಟಕ ರೇರಾ ಕಚೇರಿ ಇರುವುದು ಮಿಷನ್ ರಸ್ತೆಯ ಸಿಎಸ್ಐ ಕಾಂಪೌಂಡಿನಲ್ಲಿ, ಯೂನಿಟಿ ಬಿಲ್ಡಿಂಗಿನ ಹಿಂಬದಿಯ ಸಿಲ್ವರ್ ಜುಬಿಲಿ ಬ್ಲಾಕಿನಲ್ಲಿ. ದೂರು ಸಲ್ಲಿಸುವುದು ಆನ್‌ಲೈನಿನಲ್ಲಿ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ರೇರಾ ಒಳಗೆ ಎರಡು ಬಾಗಿಲುಗಳಿವೆ. ದೋಷ ಸರಿಪಡಿಸಲು ಆದೇಶ, ತಡವಾದ ಅವಧಿಗೆ ಬಡ್ಡಿ, ಹಣ ವಾಪಸು, ಇವು ಪ್ರಾಧಿಕಾರದ ಕೆಲಸ. ಇದಕ್ಕೆ ಫಾರಂ ಎನ್. ಪರಿಹಾರದ ಮೊತ್ತ ತೀರ್ಮಾನಿಸುವುದು ನ್ಯಾಯನಿರ್ಣಯ ಅಧಿಕಾರಿಯ ಕೆಲಸ. ಅದಕ್ಕೆ ಫಾರಂ ಒ. ನ್ಯೂಟೆಕ್ ಪ್ರಕರಣದಲ್ಲಿ 2021ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಖಚಿತವಾಗಿ ಎಳೆದಿದೆ. ಪ್ರಾಧಿಕಾರದ ಮುಂದೆ ಪರಿಹಾರ ಕೇಳಿ, ವಿಚಾರಣೆ ಎಲ್ಲ ಮುಗಿದ ಮೇಲೆ "ಇದು ನಮ್ಮ ವ್ಯಾಪ್ತಿಯಲ್ಲ" ಎನಿಸಿಕೊಳ್ಳುವುದು ಬೇಡ.

ದೂರಿನ ಜೊತೆ ಮಾರಾಟ ಕರಾರು, ಕ್ರಯಪತ್ರ, ಸ್ವಾಧೀನ ಪತ್ರ, ಹಣ ಕಟ್ಟಿದ ರಸೀದಿಗಳು, ಬ್ರೋಷರ್, ನೋಟಿಸ್ ಮತ್ತು ಅದು ತಲುಪಿದ ರಸೀದಿ, ಎಂಜಿನಿಯರ್ ವರದಿ ಇರಲಿ. ಬ್ರೋಷರನ್ನು ಹಗುರವಾಗಿ ಕಾಣಬೇಡಿ. ಜಾಹೀರಾತಿನಲ್ಲಿ ಹೇಳಿದ್ದು ಸುಳ್ಳಾಗಿ ನಷ್ಟವಾದರೆ ಕಲಂ 12ರ ಅಡಿ ಪರಿಹಾರ ಕೇಳಬಹುದು. ಮೂರನೇ ಎರಡರಷ್ಟು ಹಂಚಿಕೆದಾರರ ಲಿಖಿತ ಒಪ್ಪಿಗೆ ಇಲ್ಲದೆ ಮಂಜೂರಾದ ನಕ್ಷೆಯನ್ನು, ಸಾಮಾನ್ಯ ಜಾಗಗಳನ್ನು ಬದಲಿಸಿದ್ದರೆ ಕಲಂ 14(2) ಇದೆ.

ಕೇಳಿಕೆಯನ್ನು ಅಳತೆ ಹಾಕಿ ಬರೆಯಿರಿ. "ಸೂಕ್ತ ಪರಿಹಾರ ಕೊಡಿಸಿ" ಎಂದರೆ ಅಧಿಕಾರಿಗೆ ಹಿಡಿಯಲು ಏನೂ ಇರುವುದಿಲ್ಲ. ಬಚ್ಚಲಿನ ವಾಟರ್‌ಪ್ರೂಫಿಂಗ್ ಇಷ್ಟು, ಹಾಳಾದ ಮರಗೆಲಸ ಇಷ್ಟು, ಬೇರೆಡೆ ಇದ್ದ ಬಾಡಿಗೆ ಇಷ್ಟು, ವರದಿಯ ಖರ್ಚು ಇಷ್ಟು ಎಂದು ಬಿಡಿಸಿಡಿ. ಮನೆಯಲ್ಲಿ ವಾಸವಾಗಿರುವವರಿಗೆ ಸೋರಿಕೆಯ ಕಾರಣಕ್ಕೆ ಮನೆಯ ಪೂರ್ತಿ ಬೆಲೆ ವಾಪಸು ಸಿಗುವುದು ಕಷ್ಟ, ರಿಪೇರಿ ಮತ್ತು ಪರಿಹಾರವನ್ನು ಗುರಿ ಮಾಡಿಕೊಳ್ಳುವುದೇ ಮೇಲು.

ಆದೇಶ ಒಪ್ಪಿಗೆಯಾಗದವರು 60 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಬಿಲ್ಡರ್ ಮೇಲ್ಮನವಿ ಹಾಕಬೇಕಾದರೆ ನಿಮಗೆ ಕೊಡಬೇಕಾದ ಪೂರ್ತಿ ಹಣವನ್ನು ಬಡ್ಡಿ, ಪರಿಹಾರ ಸಮೇತ ಮೊದಲು ಠೇವಣಿ ಇಡಬೇಕು. ಸುಮ್ಮನೆ ಎಳೆದಾಡುವ ಮೇಲ್ಮನವಿಗಳಿಗೆ ಇದು ಒಳ್ಳೆಯ ಕಡಿವಾಣ.

ಹಂತ 7: ಗ್ರಾಹಕ ಆಯೋಗ

ಮನೆ ನಿರ್ಮಾಣವೂ ಒಂದು ಸೇವೆ ಎಂಬುದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರ ಪ್ರಕರಣದಿಂದಲೇ ಇತ್ಯರ್ಥವಾದ ವಿಷಯ. ರೇರಾ ಬಂದ ಮೇಲೂ ಈ ಬಾಗಿಲು ಮುಚ್ಚಿಲ್ಲ ಎಂದು ಇಂಪೀರಿಯಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರಾರಿನಲ್ಲಿ ಮಧ್ಯಸ್ಥಿಕೆ ಷರತ್ತು ಇದ್ದರೂ ಆಯೋಗಕ್ಕೆ ಹೋಗಬಹುದು. ಆದರೆ ಒಂದೇ ಪರಿಹಾರವನ್ನು ಎರಡೂ ಕಡೆ ಕೇಳಬೇಡಿ, ಒಂದನ್ನು ಆರಿಸಿಕೊಳ್ಳಿ.

ಯಾವ ಆಯೋಗ ಎಂಬುದು ನೀವು ಕೊಟ್ಟ ಹಣದ ಮೇಲೆ ತೀರ್ಮಾನವಾಗುತ್ತದೆ: 50 ಲಕ್ಷದವರೆಗೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ಈಗಿನ ಬೆಂಗಳೂರಿನ ಬೆಲೆಗೆ ಹೆಚ್ಚಿನ ಫ್ಲಾಟುಗಳು ಬಸವ ಭವನದ ರಾಜ್ಯ ಆಯೋಗಕ್ಕೇ ಸೇರುತ್ತವೆ. ದೂರನ್ನು ಇ-ಜಾಗೃತಿ ಪೋರ್ಟಲಿನಲ್ಲಿ ಸಲ್ಲಿಸಬಹುದು. ಸಿವಿಲ್ ಕೋರ್ಟಿನ ಶುಲ್ಕಕ್ಕೆ ಹೋಲಿಸಿದರೆ ಇಲ್ಲಿನ ಶುಲ್ಕ ಏನೇನೂ ಅಲ್ಲ. 1915 ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಬಿಲ್ಡರ್ 30 ದಿನ, ಹೆಚ್ಚೆಂದರೆ ಮತ್ತೆ 15 ದಿನದೊಳಗೆ ಉತ್ತರ ಸಲ್ಲಿಸಬೇಕು. ಅದಕ್ಕೆ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

"ಕ್ರಯಪತ್ರ ಮಾಡಿಸಿಕೊಂಡಿದ್ದೀರಿ, ಇನ್ನೇನು ಕೇಳುತ್ತೀರಿ" ಎನ್ನುವ ಬಿಲ್ಡರ್‌ಗೆ ನಮ್ಮದೇ ಬೇಗೂರಿನ ಪ್ರಕರಣ ಉತ್ತರ ಕೊಡುತ್ತದೆ. ಡಿಎಲ್ಎಫ್ ಸದರ್ನ್ ಹೋಮ್ಸ್‌ನ ಫ್ಲಾಟುಗಳನ್ನು ಕೊಂಡ 339 ಮಂದಿಯ ವ್ಯಾಜ್ಯದಲ್ಲಿ 2020ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್, ಸ್ವಾಧೀನ ಪಡೆದು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ತಡವಾದುದರ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದು ತೀರ್ಪಿತ್ತಿತು. ಹಾಗೆಂದು ಕ್ರಯಪತ್ರದಲ್ಲಿ "ಯಾವುದೇ ಹಕ್ಕು ಕೇಳುವುದಿಲ್ಲ" ಎಂಬ ಸಾಲನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಸಹಿಗೆ ಮುಂಚೆ ಒಂದು ಆಕ್ಷೇಪಣೆಯ ಇಮೇಲ್ ಹಾಕಿಡಿ.

ಸಾಮಾನ್ಯ ಜಾಗದ ದೋಷ: ಸಂಘವೋ, ಒಬ್ಬೊಬ್ಬರೋ?

ತಾರಸಿ, ಬೇಸ್‌ಮೆಂಟಿನ ನೀರು, ಲಿಫ್ಟು, ಎಸ್‌ಟಿಪಿ ದೋಷಗಳಿಗೆ ಎಲ್ಲರೂ ಸೇರಬೇಕು. ರೇರಾ ಕಾಯ್ದೆಯ ಕಲಂ 31 ಹಂಚಿಕೆದಾರರ ಸಂಘಕ್ಕೆ ದೂರು ಕೊಡುವ ಹಕ್ಕನ್ನು ನೇರವಾಗಿ ಕೊಟ್ಟಿದೆ. ಸರ್ವಸದಸ್ಯರ ಸಭೆಯ ನಿರ್ಣಯ, ಸಹಿ ಹಾಕಲು ಒಬ್ಬರಿಗೆ ಅಧಿಕಾರಪತ್ರ, ಇಷ್ಟು ಬೇಕು.

ಗ್ರಾಹಕ ಆಯೋಗದಲ್ಲಿ ಮಾತ್ರ ಎಚ್ಚರ. ಶೋಭಾ ಹೈಬಿಸ್ಕಸ್ ಪ್ರಕರಣದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಅಡಿ ಆದ ಸಂಘವು ಸ್ವಯಂಪ್ರೇರಿತ ಗ್ರಾಹಕರ ಸಂಘ ಅಲ್ಲ, ಆದ್ದರಿಂದ ಅದರ ಹೆಸರಿನಲ್ಲಿ ದೂರು ನಿಲ್ಲುವುದಿಲ್ಲ ಎಂದಿತು. ದಾರಿ ಏನು? ಬ್ರಿಗೇಡ್ ಲೇಕ್‌ಫ್ರಂಟ್ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ದಾರಿ ತೋರಿಸಿದೆ. ಒಂದೇ ತೊಂದರೆ ಇರುವ ಕೆಲವು ಕೊಳ್ಳುಗರು, ಎಲ್ಲ ನಿವಾಸಿಗಳ ಪರವಾಗಿ ಎನ್ನದೆ, ತಮ್ಮ ತಮ್ಮ ಪರವಾಗಿ ಒಂದೇ ಜಂಟಿ ದೂರು ಕೊಡಬಹುದು. ಎಲ್ಲರ ಒಪ್ಪಿಗೆಗೆ ಕಾಯುತ್ತ ಕೂರುವ ಅಪಾರ್ಟ್‌ಮೆಂಟುಗಳಿಗೆ ಇದು ದೊಡ್ಡ ಅನುಕೂಲ. ಹತ್ತು ಮನೆಯವರು ಗಟ್ಟಿ ಇದ್ದರೆ ಹೊರಡಬಹುದು.

ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್ ಕೆಡಿಸಿದ ಮನೆ

ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನಲ್ಲಿ ಹೆಚ್ಚು ಅನ್ಯಾಯಕ್ಕೆ ಒಳಗಾಗುವವರು ಇವರೇ. ಮೂವತ್ತು-ನಲವತ್ತರ ಸೈಟು, ನಿವೃತ್ತಿಯ ಹಣ, ಚದರಕ್ಕೆ ಇಷ್ಟು ಎಂಬ ಬಾಯಿಮಾತು, ಹೆಚ್ಚೆಂದರೆ ಎರಡು ಹಾಳೆಯ ಕರಾರು. ಮೋಲ್ಡ್ ಹಾಕಿದ ಮೇಲೆ ಎಷ್ಟು ಕಂಬಿ ಹಾಕಿದ್ದಾರೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮನೆ ನಿರ್ಮಾಣವನ್ನು ಸೇವೆಯೆಂದೇ ಹೆಸರಿಸಿದೆ, ಆದ್ದರಿಂದ ಕಂಟ್ರಾಕ್ಟರ್ ಮೇಲೆ ಆಯೋಗದಲ್ಲಿ ದೂರು ನಿಲ್ಲುತ್ತದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಬರಹದ ಕರಾರು ಇಲ್ಲದಿದ್ದರೂ ಬ್ಯಾಂಕಿನ ವರ್ಗಾವಣೆ, ಕೊಟೇಶನ್, ವಾಟ್ಸ್‌ಆ್ಯಪ್ ಮಾತುಕತೆಯಿಂದ ವ್ಯವಹಾರ ಸಾಬೀತಾಗುತ್ತದೆ. ನಗದಾಗಿ ಕೊಟ್ಟದ್ದು ಮಾತ್ರ ಸಾಬೀತಾಗುವುದು ಕಷ್ಟ.

ಕಂಟ್ರಾಕ್ಟರ್ ಕೆಲಸ ನಡುವೆ ಬಿಟ್ಟುಹೋಗಿ, ಮೊತ್ತ ದೊಡ್ಡದಿದ್ದು, ಲೆಕ್ಕದ ತಕರಾರು ಗೋಜಲಾಗಿದ್ದರೆ ಸಿಟಿ ಸಿವಿಲ್ ಕೋರ್ಟು ಸರಿಯಾದ ಜಾಗ. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರ ಅಡಿ ಕೋರ್ಟ್ ಕಮಿಷನರ್ ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಲು ಅರ್ಜಿ ಹಾಕಿ. ಮಿಕ್ಕ ಕೆಲಸವನ್ನು ಬೇರೆ ಮೇಸ್ತ್ರಿಗೆ ಕೊಡುವ ಮೊದಲೇ ಇದು ಆಗಬೇಕು. ಗ್ರಾಹಕ ಆಯೋಗದಲ್ಲೂ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕುವ ರೂಢಿ ಇದೆ.

ಈಗಿನ್ನೂ ಕಟ್ಟಿಸುತ್ತಿರುವವರು ಇಷ್ಟು ಮಾಡಿ: ಪ್ರತಿ ಮೋಲ್ಡಿಗೆ ಮುಂಚೆ ಕಂಬಿಯ ಫೋಟೋ, ಪ್ರತಿ ಕಾಂಕ್ರೀಟಿಗೆ ಮಾದರಿ ಕ್ಯೂಬ್ ತೆಗೆಸಿ 7 ಮತ್ತು 28ನೇ ದಿನದ ಪರೀಕ್ಷೆ, ಹಣ ಕೊಡುವುದು ಮುಗಿದ ಕೆಲಸಕ್ಕೆ ಮಾತ್ರ, ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಕರಾರಿನಲ್ಲೇ ಬರೆಸುವುದು.

ಪೊಲೀಸ್ ಠಾಣೆ, ಮುಳುಗಿದ ಕಂಪನಿ, ವಕೀಲರ ಖರ್ಚು

ಬರೀ ಕಳಪೆ ಕೆಲಸಕ್ಕೆ ಠಾಣೆಗೆ ಹೋದರೆ "ಇದು ಸಿವಿಲ್ ವ್ಯಾಜ್ಯ" ಎನ್ನುತ್ತಾರೆ. ಖೋಟಾ ಓಸಿ, ಒಂದೇ ಫ್ಲಾಟ್ ಇಬ್ಬರಿಗೆ ಮಾರಾಟ, ಅಂಥ ಮೋಸಕ್ಕೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ ಕಲಂ 318ರ ದಾರಿ ಹಿಡಿಯಿರಿ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಉಳಿದ ಮೊಕದ್ದಮೆಗಳಿಗೆ ತಡೆ ಬೀಳುತ್ತದೆ. ಪತ್ರಿಕಾ ಪ್ರಕಟಣೆಯಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಹಕ್ಕು ಸಲ್ಲಿಸಿ, ಮನೆ ಕೊಂಡವರು ಅಲ್ಲಿ ಹಣಕಾಸು ಸಾಲದಾತರ, ಅಂದರೆ ಕಂಪನಿಗೆ ಸಾಲ ಕೊಟ್ಟವರ ಸ್ಥಾನದಲ್ಲಿರುತ್ತಾರೆ.

ರೇರಾದಲ್ಲಾಗಲಿ ಗ್ರಾಹಕ ಆಯೋಗದಲ್ಲಾಗಲಿ ವಕೀಲರಿಲ್ಲದೆ ನೀವೇ ವಾದಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಆದಾಯ ಕಡಿಮೆ ಇರುವವರು ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100.

ಹಂತ 8: ಆದೇಶ ಬಂತು, ಹಣ ಬರಲಿಲ್ಲ

ಬಹಳ ಜನ ಗೆದ್ದೆವೆಂದು ಸುಮ್ಮನಾಗುವುದು ಇಲ್ಲೇ. ಗ್ರಾಹಕ ಆಯೋಗದ ಆದೇಶ ಪಾಲಿಸದಿದ್ದರೆ ಕಲಂ 71ರ ಅಡಿ ವಸೂಲಿಗೆ, ಕಲಂ 72ರ ಅಡಿ ಶಿಕ್ಷೆಗೆ ಅರ್ಜಿ ಹಾಕಿ. ಎರಡನೆಯದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ ಕನಿಷ್ಠ 25,000 ರೂಪಾಯಿ ದಂಡ, ಇಲ್ಲವೇ ಎರಡೂ ಇರುವುದರಿಂದ ಕಂಪನಿ ನಿರ್ದೇಶಕರು ಬೇಗ ಮಾತಿಗೆ ಬರುತ್ತಾರೆ.

ರೇರಾ ಹಣದ ಆದೇಶವನ್ನು ಕಲಂ 40ರ ಅಡಿ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲಾಗುತ್ತದೆ. ವಸೂಲಿ ಪ್ರಮಾಣಪತ್ರ ರೇರಾದಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ, ಅಲ್ಲಿ ಕಡತ ಮಲಗುತ್ತದೆ. ತಹಶೀಲ್ದಾರರಿಗೆ ಬಿಲ್ಡರ್ ಆಸ್ತಿ ಎಲ್ಲಿದೆ ಎಂದು ಗೊತ್ತಿರುವುದಿಲ್ಲ, ಹುಡುಕಲು ಸಿಬ್ಬಂದಿಯೂ ಇರುವುದಿಲ್ಲ. ಆ ಪಟ್ಟಿಯನ್ನು ನೀವೇ ಮಾಡಿಕೊಡಿ. ಬಿಲ್ಡರ್‌ನ ಬೇರೆ ಯೋಜನೆಗಳಲ್ಲಿ ಮಾರಾಟವಾಗದ ಫ್ಲಾಟುಗಳ ವಿವರ ರೇರಾ ಜಾಲತಾಣದಲ್ಲಿ, ಅವುಗಳ ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ, ನಿರ್ದೇಶಕರ ಹೆಸರು ಮತ್ತು ಕಂಪನಿಯ ಸಾಲದ ವಿವರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ, ಹಣ ಹಾಕಿಸಿಕೊಂಡ ಬ್ಯಾಂಕ್ ಖಾತೆ ನಿಮ್ಮ ರಸೀದಿಗಳಲ್ಲೇ ಸಿಗುತ್ತವೆ. ಇಷ್ಟನ್ನೂ ಜೋಡಿಸಿ, ಸರ್ವೆ ನಂಬರ್, ಫ್ಲಾಟ್ ನಂಬರ್ ಸಮೇತ ಜಿಲ್ಲಾಧಿಕಾರಿ ಕಚೇರಿಗೂ ತಹಶೀಲ್ದಾರರಿಗೂ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅದೇ ಬಿಲ್ಡರ್ ವಿರುದ್ಧ ಆದೇಶ ಪಡೆದ ಬೇರೆಯವರನ್ನು ರೇರಾ ಆದೇಶಗಳ ಪುಟದಲ್ಲಿ ಹುಡುಕಿ ಒಟ್ಟಾಗಿ ಹೋದರೆ ಕಡತ ಬೇಗ ಏಳುತ್ತದೆ. ರಿಪೇರಿಯ ಆದೇಶವನ್ನು ಪಾಲಿಸದಿದ್ದರೆ ಕಲಂ 63ರ ಅಡಿ ದಿನವಹಿ ದಂಡ ಹಾಕುವಂತೆ ಪ್ರಾಧಿಕಾರಕ್ಕೆ ಮತ್ತೆ ಅರ್ಜಿ ಕೊಡಿ. ಆ ದಂಡ ಯೋಜನಾ ವೆಚ್ಚದ ಶೇ 5ರವರೆಗೆ ಏರಬಹುದು. ಎಷ್ಟು ಅಲೆದರೂ ವಸೂಲಿ ಪ್ರಮಾಣಪತ್ರ ಅಲುಗದಿದ್ದರೆ, ಮೊಹರು ಬಿದ್ದ ಆ ಪ್ರತಿಗಳನ್ನೇ ಲಗತ್ತಿಸಿ, ಇಂತಿಷ್ಟು ದಿನದೊಳಗೆ ವಸೂಲಿ ಮಾಡುವಂತೆ ಜಿಲ್ಲಾಧಿಕಾರಿಗೆ ನಿರ್ದೇಶನ ಕೋರಿ ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ.